ಐದು ಬಣ್ಣದ ಹುಡಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಶಾಲೆಯ ವಾರ್ಷಿಕೋತ್ಸವಕ್ಕೆ ಅಂಗಡಿ ಬಣ್ಣ ಬೇಡ, ನಾಗಮಂಡಲದ ಹಾಗೆ ಐದು ಬಣ್ಣದ ಹುಡಿಯಲ್ಲೇ ಆರಡಿ ಅಗಲದ ಚಕ್ರ ಬರೆಸುತ್ತೇನೆ ಅಂದಿದ್ದೀಯಲ್ಲ, ಬರೆಸು. ಆದರೆ ನಾಗನ ಹೆಡೆ, ಗಂಟು ಬೇಡ ಮಾರಾಯ. ಅದು ಆರಾಧನೆಗೆ ಬರೆಯುವಂಥದ್ದು. ಹೂವು, ಎಲೆ, ಬಳ್ಳಿ ಸಾಕು. ಬಣ್ಣ ಮಾತ್ರ ಅವೇ: ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು. ಕೇರಳದ ಕಳಮೆಳುತ್ತಿನವರೂ (ನೆಲದ ಮೇಲೆ ಹುಡಿಯಲ್ಲಿ ದೇವರ ಚಿತ್ರ ಬರೆಯುವವರು) ಇವೇ ಐದರಲ್ಲಿ ಭದ್ರಕಾಳಿಯನ್ನು ಬರೆದು, ಪೂಜೆ ಮುಗಿದ ಮೇಲೆ ಅಳಿಸಿಬಿಡುತ್ತಾರೆ.

ಮಕ್ಕಳ ಕೈ ಹೇಗೋ ಪಳಗುತ್ತದೆ. ಹುಡಿ ಹದವಾಗಿಲ್ಲದಿದ್ದರೆ ಮಾತ್ರ ಯಾರು ಕೂತರೂ ಗೆರೆ ಬರುವುದಿಲ್ಲ. ನುಣ್ಣಗಿನ ಅಕ್ಕಿಹಿಟ್ಟು ಬೆರಳಿಗೆ ಮೆತ್ತಿಕೊಂಡು ಉಂಡೆಉಂಡೆಯಾಗಿ ಬೀಳುತ್ತದೆ. ನೆನೆಸದ ಅಕ್ಕಿಯನ್ನು ಚಿರೋಟಿ ರವೆಯ ಹದಕ್ಕೆ ಬೀಸಿಸು. ಬಿಳಿ ಅಂದರೆ ಇದೇ ಹುಡಿ. ಆರಡಿ ಚಕ್ರ ಅಂದರೆ ಸುಮಾರು 28 ಚದರಡಿ. ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ಚದರಡಿಗೆ 80 ಗ್ರಾಂ ಹಿಡಿದರೆ ಎರಡೂಕಾಲು ಕೆ.ಜಿ. ಆಯಿತು, ಚೆಲ್ಲುವುದೂ ಸೇರಿ ಎಲ್ಲಾ ಬಣ್ಣ ಒಟ್ಟು 3 ಕೆ.ಜಿ. ಇರಲಿ.

ಹಳದಿಗೆ ಒಂದು ಪಾಲು ಅರಿಶಿನ, ಮೂರು ಪಾಲು ಅಕ್ಕಿಹುಡಿ. ಬಿಸಿಲಿಗೆ ಅರಿಶಿನದ ಬಣ್ಣ ಹಾರುತ್ತದೆ, ಹಾಗಾಗಿ ಚಕ್ರ ನೆರಳಲ್ಲೇ ಇರಬೇಕು.

ತಲೆನೋವು ಕೆಂಪಿನದು. ಅರಿಶಿನ, ಸುಣ್ಣ ಎರಡನ್ನೂ ಒಣದಾಗಿ ಕಲಸಿದರೆ ಏನೂ ಆಗುವುದಿಲ್ಲ, ತೇವ ಬೇಕು. 100 ಗ್ರಾಂ ಅರಿಶಿನಕ್ಕೆ ಎಲೆಯಡಿಕೆಯ ಸುಣ್ಣವನ್ನು ಸ್ವಲ್ಪ ನೀರಲ್ಲಿ ಕದಡಿ ಚಮಚ ಚಮಚವಾಗಿ ಸೇರಿಸುತ್ತಾ ಉಜ್ಜು. ಮೊದಲು ಕಿತ್ತಳೆ, ಆಮೇಲೆ ಇಟ್ಟಿಗೆ, ಕೊನೆಗೆ ಗಾಢ ಕೆಂಪು. ಅಲ್ಲಿಗೆ ನಿಲ್ಲಿಸಿ, 200 ಗ್ರಾಂ ಅಕ್ಕಿಹುಡಿ ಬೆರೆಸಿ, ನೆರಳಲ್ಲಿ ಒಣಗಿಸಿ ಜರಡಿ ಹಿಡಿ. (ಎಷ್ಟು ಸುಣ್ಣ ಹಾಕಿದರೂ ಕೆಂಪಾಗದಿದ್ದರೆ ಆ ಪೊಟ್ಟಣದಲ್ಲಿರುವುದು ಬಹುಶಃ ಅರಿಶಿನವೇ ಅಲ್ಲ, ಅಡುಗೆಗೂ ಬಳಸಬೇಡ.) ಗಾಳಿ ತಾಗಿದಂತೆ ಸುಣ್ಣದ ಖಾರ ಇಳಿದು ಕೆಂಪು ಮಂಕಾಗುತ್ತದೆ, ಆದ್ದರಿಂದ ಹಿಂದಿನ ದಿನ ಮಾಡಿ ಡಬ್ಬಿಯಲ್ಲಿ ಮುಚ್ಚಿಡು. ಹುಳಿ ತಾಗಿದರಂತೂ ತಕ್ಷಣ ಹಳದಿಗೇ ವಾಪಸ್. ಬಿಳಿಗಾರ (ಬೋರಾಕ್ಸ್), ನಿಂಬೆರಸದಲ್ಲಿ ಮಾಡುವ ಕುಂಕುಮದ ಕೆಂಪು ಬೇರೆಯೇ, ಅದು ಹೆಚ್ಚು ಬಾಳುತ್ತದೆ, ಆದರೆ ಒಂದು ದಿನದ ಚಿತ್ರಕ್ಕೆ ಅಷ್ಟು ಖರ್ಚು ಯಾಕೆ? ಸುಣ್ಣದ ಕೆಲಸ ದೊಡ್ಡವರೇ ಮಾಡಲಿ. ಕಣ್ಣಿಗೆ ಸಿಡಿದರೆ ಕಷ್ಟ.

ಹಸಿರಿಗೆ ನುಗ್ಗೆಸೊಪ್ಪು. ಬಿಸಿಲಿಗೆ ಹಾಕಿದರೆ ಕಂದುತ್ತದೆ, ಫ್ಯಾನಿನ ಕೆಳಗೆ ಬಟ್ಟೆ ಮೇಲೆ ಹರಡು. ಒಂದು ಕೆ.ಜಿ. ಎಲೆಗೆ ಸಿಗುವುದು ಹೆಚ್ಚುಕಮ್ಮಿ 200 ಗ್ರಾಂ ಪುಡಿ, ಹಾಗಾಗಿ ಎರಡು ಕೆ.ಜಿ. ತರಿಸು.

ಕಪ್ಪಿಗೆ ಉಮಿಕರಿ. ಭತ್ತದ ಹೊಟ್ಟನ್ನು ರಾಶಿ ಹಾಕಿ ಸುಡು, ಪೂರ್ತಿ ಕಪ್ಪಾದ ಕೂಡಲೇ ನೀರು ಚಿಮುಕಿಸಿ ಆರಿಸು. ಒಳಗೆ ಕೆಂಡ ಉಳಿದರೆ ಬೆಳಗಾಗುವಷ್ಟರಲ್ಲಿ ಇಡೀ ರಾಶಿ ಬೂದಿಯಾಗಿ ಬೆಳ್ಳಗಾಗಿರುತ್ತದೆ. ಆರಿದ್ದನ್ನು ಚೆನ್ನಾಗಿ ಒಣಗಿಸಿ ಕುಟ್ಟು.

ನೆಲ ಸಗಣಿ ಸಾರಿಸಿದ್ದಾದರೆ ಒಳ್ಳೆಯದು, ಆದರೆ ಪೂರಾ ಒಣಗಿರಬೇಕು. ಪಸೆ ಇದ್ದರೆ ಹುಡಿ ಅದನ್ನು ಹೀರಿ ಕಲೆ ಕಲೆಯಾಗುತ್ತದೆ. ನಯವಾದ ಗ್ರಾನೈಟಿನ ಮೇಲೆ ಅಂಚು ಜಾರುತ್ತದೆ. ನಡುವೆ ಮೊಳೆಗೆ ದಾರ ಕಟ್ಟಿ ವೃತ್ತಗಳನ್ನು ಗುರುತಿಸಿಕೊಂಡು, ನಡುವಿನಿಂದ ಹೊರಕ್ಕೆ ಹಿಂದೆ ಸರಿಯುತ್ತಾ ಬನ್ನಿ. ಒಂದೊಂದು ಸುತ್ತಿನಲ್ಲೂ ಕಪ್ಪು ಕೊನೆಗೆ. ಬಿಳಿಯ ಮೇಲೆ ಕರಿ ಉದುರಿದರೆ ಊದಬೇಡ. ಒದ್ದೆ ಬೆರಳ ತುದಿಯಿಂದ ಒತ್ತಿ ಎತ್ತಿ, ಮೇಲೆ ಚಿಟಿಕೆ ಬಿಳಿ ಉದುರಿಸು. ಫ್ಯಾನ್ ಹಾಕದಂತೆ ಸ್ವಿಚ್ಚಿಗೆ ಚೀಟಿ ಅಂಟಿಸು, ಯಾರಾದರೊಬ್ಬರು ಹಾಕಿಯೇ ಹಾಕುತ್ತಾರೆ. ರಾತ್ರಿ ಬರೆದಿಟ್ಟರೆ ಇರುವೆಗಳ ಪಾಲು, ಬೆಳಿಗ್ಗೆಯೇ ಶುರುಮಾಡು.

ಮುಗಿದ ಮೇಲೆ ಗುಡಿಸಿದ ಹುಡಿಯನ್ನು ದನದ ಬಾನಿಗೆ ಸುರಿಯಲು ಬಿಡಬೇಡ, ಸುಣ್ಣ ಇದೆ. ಗೊಬ್ಬರದ ಗುಂಡಿಗೆ ಹೋಗಲಿ.

ಇಂತಿ,
ನಿನ್ನ ಗೆಳೆಯ