ಬಣ್ಣ ನೋಡಿ ನುಸಿಗೆ ಹೆಸರಿಡುವುದು ಬೇಡ

ಮಾನ್ಯ ಸಂಪಾದಕರೇ,

ಬದನೆ, ಬೆಂಡೆ, ಗುಲಾಬಿ, ಹೀಗೆ ಯಾವ ಬೆಳೆಯ ಎಲೆ ಬಿಳಿಚಿಕೊಂಡು ಅಡಿಭಾಗದಲ್ಲಿ ಬಲೆ ಕಂಡರೂ, ರೈತರು ಕಳಿಸಿದ ಮೊಬೈಲ್ ಚಿತ್ರವೊಂದನ್ನು ನೋಡಿ ‘ಇದು ಎರಡು ಚುಕ್ಕೆ ನುಸಿ’ ಎಂದು ಉತ್ತರಿಸುವ ರೂಢಿ ಪತ್ರಿಕೆಗಳ ಕೃಷಿ ಪುಟಗಳಲ್ಲಿ ಬೆಳೆದಿದೆ. ಬಲೆ ನೇಯುವ ಜೇಡ ನುಸಿಗಳ ಗುಂಪಿಗೆ ಸೇರಿದ್ದು ಎನ್ನುವವರೆಗೆ ಈ ಉತ್ತರ ಸಾಮಾನ್ಯವಾಗಿ ಸರಿ. ಆದರೆ ಅದು ಯಾವ ಪ್ರಭೇದ ಎಂಬುದನ್ನು ಚಿತ್ರ ನೋಡಿ ನಿರ್ಧರಿಸಲು ಬರುವುದಿಲ್ಲ.

ಬಣ್ಣವಂತೂ ಇಲ್ಲಿ ನಂಬಲರ್ಹವಾದ ಗುರುತೇ ಅಲ್ಲ. ಎರಡು ಚುಕ್ಕೆ ನುಸಿ, ಅಂದರೆ ಟೆಟ್ರಾನಿಕಸ್ ಅರ್ಟಿಕೇ, ಹಸಿರು ರೂಪದಲ್ಲೂ ಇರುತ್ತದೆ, ಕೆಂಪು ರೂಪದಲ್ಲೂ ಇರುತ್ತದೆ. ಆ ಕೆಂಪು ರೂಪವನ್ನು ಬಹುಕಾಲ ಟೆಟ್ರಾನಿಕಸ್ ಸಿನ್ನಬರಿನಸ್ ಎಂಬ ಬೇರೆಯೇ ಪ್ರಭೇದವೆಂದು ಎಣಿಸಲಾಗಿತ್ತು, 2013ರಲ್ಲಿ ಪ್ರಕಟವಾದ ವಿಮರ್ಶೆ ಎರಡೂ ಒಂದೇ ಎಂದು ಹೇಳಿತು. ಇನ್ನೊಂದೆಡೆ, ನಮ್ಮ ತರಕಾರಿ ತೋಟಗಳಲ್ಲಿ ಸಾಮಾನ್ಯವಾದ ಟೆಟ್ರಾನಿಕಸ್ ಲುಡೆನಿಯ ಹೆಣ್ಣು ಕೂಡ ಕೆಂಪಗಿದ್ದು, ಕೈಮಸೂರದಲ್ಲಿ ಎಷ್ಟು ಹೊತ್ತು ನೋಡಿದರೂ ಅರ್ಟಿಕೇಯ ಕೆಂಪು ರೂಪಕ್ಕೂ ಇದಕ್ಕೂ ವ್ಯತ್ಯಾಸ ಕಾಣದು.

ಖಚಿತವಾದ ಗುರುತು ಇರುವುದು ಗಂಡಿನಲ್ಲಿ. ಗಂಡು ಹೆಣ್ಣಿಗಿಂತ ಚಿಕ್ಕದು, ಹಿಂಭಾಗ ಚೂಪಾಗಿರುತ್ತದೆ. ಅದರ ಜನನಾಂಗದ ತುದಿಯಲ್ಲಿರುವ ಗುಬುಟು ಪ್ರಭೇದಕ್ಕೊಂದು ಆಕಾರದಲ್ಲಿರುತ್ತದೆ. ಅರ್ಟಿಕೇಯಲ್ಲಿ ಅದು ಪುಟ್ಟದಾಗಿದ್ದು ಹಿಂದೆ ಮುಂದೆ ಕಿರಿದಾದ ಮೊನೆಗಳಿರುತ್ತವೆ. ಟೆಟ್ರಾನಿಕಸ್ ನಿಯೊಕ್ಯಾಲೆಡೋನಿಕಸ್ ಎಂಬ ಇನ್ನೊಂದು ಪ್ರಭೇದದಲ್ಲಿ ಅದು ದೊಡ್ಡದು, ಮೇಲ್ಭಾಗ ದುಂಡಗೆ. ಇದನ್ನು ನೋಡಬೇಕಾದರೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಆ ಜೀವಿಯನ್ನು ಸ್ಲೈಡಿನ ಮೇಲೆ ಸರಿಯಾಗಿ ಮಗ್ಗುಲಿಗೆ ಮಲಗಿಸಬೇಕು. ಬೆನ್ನು ಮೇಲಾಗಿ ಕುಳಿತರೆ ಆಕಾರ ಕಾಣುವುದಿಲ್ಲ, ಆಗ ಮೇಲಿನ ಗಾಜನ್ನು ಕೂದಲೆಳೆಯಷ್ಟು ಸರಿಸಿ ನುಸಿಯನ್ನು ಹೊರಳಿಸಬೇಕಾಗುತ್ತದೆ. ಮಾದರಿ ಕೆಡದಂತೆ ಇಡುವ ಆಲ್ಕೋಹಾಲಿನಲ್ಲಿ ಬಣ್ಣ ಬಿಟ್ಟುಹೋಗುವುದರಿಂದ, ಜೀವಂತವಿದ್ದಾಗಿನ ಬಣ್ಣವನ್ನು ಮೊದಲೇ ಬರೆದಿಟ್ಟುಕೊಳ್ಳುವುದೂ ಅಗತ್ಯ. ಡಿಎನ್‌ಎ ಪರೀಕ್ಷೆ ನೆರವಾಗುತ್ತದೆ ನಿಜ, ಆದರೆ ಹೋಲಿಕೆಗೆ ಬಳಸುವ ದಾಖಲೆಗೇ ತಪ್ಪು ಹೆಸರು ಅಂಟಿದ್ದರೆ ಉತ್ತರವೂ ತಪ್ಪಾಗುತ್ತದೆ.

ಹೆಸರಿನಲ್ಲೇನಿದೆ, ಹೇಗೂ ಔಷಧಿ ಹೊಡೆಯುವುದೇ ತಾನೆ ಎಂದು ಕೇಳುವವರಿದ್ದಾರೆ. ದಕ್ಷಿಣ ಅಮೆರಿಕದಿಂದ ಆಫ್ರಿಕಾ, ಯುರೋಪಿಗೆ ಹಬ್ಬಿ ಟೊಮೆಟೊ ಬೆಳೆಯನ್ನು ಕಾಡಿದ ಟೆಟ್ರಾನಿಕಸ್ ಇವಾನ್ಸಿ ಕೂಡ ಕೆಂಪು ನುಸಿಯೇ. ಎರಡು ಚುಕ್ಕೆ ನುಸಿಯನ್ನು ಹಿಡಿದು ತಿನ್ನುವುದರಲ್ಲಿ ಹೆಸರಾದ ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ಪರಭಕ್ಷಕ ನುಸಿ ಇದರೆದುರು ನಿಷ್ಪ್ರಯೋಜಕವಾಯಿತು. ಕೊನೆಗೆ ಬ್ರೆಜಿಲ್‌ನಲ್ಲಿ ಹುಡುಕಿ ಫೈಟೋಸಿಯುಲಸ್ ಲಾಂಜಿಪೆಸ್ ಎಂಬ ಬೇರೊಂದನ್ನು ಕಂಡುಕೊಳ್ಳಬೇಕಾಯಿತು. ನಮ್ಮ ಅಡಿಕೆಯಲ್ಲೂ ಬೇರೆ ಬೇರೆ ನುಸಿಗಳಿವೆ: ಗರಿಯಲ್ಲಿ ಬಲೆ ನೇಯುವ ಒಲಿಗೋನಿಕಸ್ ಇಂಡಿಕಸ್ ಒಂದು, ಬಲೆಯನ್ನೇ ನೇಯದ, ಬೇರೆ ಕುಟುಂಬಕ್ಕೆ ಸೇರಿದ ರಾವೊಯೆಲ್ಲಾ ಇಂಡಿಕಾ ಇನ್ನೊಂದು.

ಆದ್ದರಿಂದ ಚಿತ್ರ ನೋಡಿ ಉತ್ತರಿಸುವಾಗ ‘ಜೇಡ ನುಸಿ’ ಎಂದಷ್ಟೇ ಬರೆದು, ಪ್ರಭೇದ ತಿಳಿಯಬೇಕಾದಲ್ಲಿ ಮಾದರಿ ಕಳಿಸುವ ಕ್ರಮವನ್ನೂ ತಿಳಿಸಬೇಕೆಂದು ವಿನಂತಿ. ಬಲೆ ದಟ್ಟವಾಗಿರುವ ಹಲವು ಎಲೆಗಳನ್ನು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಿಸಿಲು ತಾಗದಂತೆ ಬೇಗ ತಲುಪಿಸಬೇಕು. ನುಸಿಗಳು ಹೆಚ್ಚಿದ್ದಷ್ಟೂ ಗಂಡು ಸಿಗುವ ಸಂಭವ ಹೆಚ್ಚು. ಕೃಷಿ ನುಸಿಶಾಸ್ತ್ರದ ಅಖಿಲ ಭಾರತ ಜಾಲ ಯೋಜನೆಯ ಸಮನ್ವಯ ಕೇಂದ್ರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲೇ ಇರುವುದನ್ನು ಓದುಗ ರೈತರಿಗೆ ತಿಳಿಸಿದರೂ ಉಪಕಾರವಾದೀತು.

ಇಂತಿ,
ಕೃಷಿ ಕೀಟಶಾಸ್ತ್ರದ ಬೋಧಕ, ಶಿವಮೊಗ್ಗ