ಹತ್ತನೇ ತಾರೀಖಿನ ಒಳಗೆ

ಆತ್ಮೀಯ ಸದಸ್ಯರೆ,

ನಮ್ಮ ಕನ್ನಡ ಕೂಟದ ಪತ್ರಿಕೆಯ ರಾಜ್ಯೋತ್ಸವ ಸಂಚಿಕೆಯ ಈ ಪುಟವನ್ನು ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಣ್ಣ ತೀರಿಕೊಂಡು ಹದಿನೇಳು ದಿನಗಳಾದವು. ನಾವು ಮಕ್ಕಳು ತಂದೆಯನ್ನು ಅಣ್ಣ ಎಂದೇ ಕರೆದು ಬೆಳೆದವರು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದರು. ಪುಟಗಳನ್ನು ಮುದ್ರಣಕ್ಕೆ ಕಳುಹಿಸುವ ಗಡುವು ನಿನ್ನೆಗೇ ಮುಗಿದಿದ್ದು, ನಿಮಗೆ ಅಲ್ಲಿ ಬೆಳಗಾಗುವುದರೊಳಗೆ ಇದು ತಲುಪಬೇಕು. ನಾಡಹಬ್ಬದ ಕುರಿತೇ ಬರೆಯಬೇಕೆಂದಿದ್ದವಳಿಗೆ ಈಗ ಅಣ್ಣನನ್ನು ಬಿಟ್ಟು ಬೇರೆ ವಿಷಯ ಕೈಗೆ ಬರುತ್ತಿಲ್ಲ. ನಿಮ್ಮಲ್ಲಿ ಹಲವರಿಗೆ ಅವರು ಗೊತ್ತಿದ್ದವರೇ ಆದ್ದರಿಂದ ಕ್ಷಮಿಸುತ್ತೀರೆಂದು ನಂಬಿದ್ದೇನೆ.

ಮೊನ್ನೆ ನನ್ನ ಮಗಳು ಅವರ ಬೀರುವಿನಿಂದ ಮನೆಯ ಲೆಕ್ಕದ ಪುಸ್ತಕವನ್ನು ತೆಗೆದು ನೋಡುತ್ತಿದ್ದಳು. ಉದ್ದನೆಯ ಹಾಳೆ, ಕೆಂಪು ಶಾಯಿಯಲ್ಲಿ ಸ್ಕೇಲು ಇಟ್ಟು ಎಳೆದ ಗೆರೆಗಳು, ತಾರೀಖು, ವಿವರ, ರೂಪಾಯಿ, ಪೈಸೆ. ಪೈಸೆಯ ಬಳಕೆ ನಿಂತು ಎಷ್ಟೋ ವರ್ಷಗಳಾದರೂ ಆ ಅಂಕಣವನ್ನು ಅವರು ಬಿಟ್ಟಿರಲಿಲ್ಲ. ಹಾಲು 1 ಲೀಟರ್, ದಂಟಿನ ಸೊಪ್ಪು, ಇಸ್ತ್ರಿ, ಬಿ.ಪಿ. ಮಾತ್ರೆ, ಅದರ ಕೆಳಗೆ ಪ್ರತಿ ಭಾನುವಾರವೂ ತಪ್ಪದೆ ‘ಪುಟ್ಟಿಯ ಫೋನು, 20 ನಿಮಿಷ’, ರೂಪಾಯಿಯ ಅಂಕಣದಲ್ಲಿ ಒಂದು ಸಣ್ಣ ಗೆರೆ. ಅವಳು ಗಾಬರಿಯಿಂದ ಕೇಳಿದಳು: “ಅಮ್ಮಾ, ನನ್ನ ಜೊತೆ ಮಾತಾಡಿದ್ದನ್ನೂ ತಾತ ಖರ್ಚಿನ ಪುಸ್ತಕದಲ್ಲಿ ಬರೆದಿದ್ದಾರೆ, ಅದಕ್ಕೆ ದುಡ್ಡು ಕೊಡಬೇಕಾಗಿತ್ತಾ?” ನನಗೆ ಉತ್ತರ ಹೇಳಲಾಗಲಿಲ್ಲ. ಕೈಗೆ ಬಂದದ್ದು ಯಾವುದನ್ನೂ ಅವರು ಬರೆದಿಡದೆ ಬಿಟ್ಟವರಲ್ಲ ಎಂಬುದನ್ನು ಹನ್ನೊಂದು ವರ್ಷದ ಹುಡುಗಿಗೆ ಹೇಗೆ ಹೇಳುವುದು?

ಅಣ್ಣ 1963ರಲ್ಲಿ ಗುಮಾಸ್ತರಾಗಿ ಸೇರಿ, ಮ್ಯಾನೇಜರಾಗಿ ನಿವೃತ್ತರಾದ ಬ್ಯಾಂಕಿನ ಹೆಸರು ಇಂದು ಯಾವ ಫಲಕದ ಮೇಲೂ ಇಲ್ಲ. ನಮ್ಮ ನಾಡಿನಲ್ಲೇ ಹುಟ್ಟಿದ ನಾಲ್ಕು ಹೆಸರುಗಳು ಹೀಗೆ ಕಣ್ಮರೆಯಾದವು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1913ರಲ್ಲಿ ಆರಂಭವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಅದರ ಮರುವರ್ಷ ಅದೇ ದಿನದಂದು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ನಮ್ಮ ಕೂಟದ ಎಷ್ಟೋ ಮನೆಗಳ ತಂದೆಯರು, ಮಾವಂದಿರು ಜೀವನಪೂರ್ತಿ ದುಡಿದದ್ದು ಇವುಗಳಲ್ಲೇ. ಕೆಂಪೇಗೌಡ ರಸ್ತೆಯ ವೃತ್ತವನ್ನು ಜನ ಇಂದಿಗೂ ಮೈಸೂರು ಬ್ಯಾಂಕ್ ಸರ್ಕಲ್ ಎಂದೇ ಕರೆಯುತ್ತಾರೆ. ಅಲ್ಲಿ ಬಸ್ಸು ನಿಂತಾಗಲೆಲ್ಲ ಅಣ್ಣ ಕಿಟಕಿಯಿಂದ ಕತ್ತು ಹೊರಳಿಸಿ ಆ ಕಟ್ಟಡವನ್ನು ಒಮ್ಮೆ ನೋಡುತ್ತಿದ್ದರು.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಗುವ ಮೊದಲು ಸಣ್ಣ ಜನ ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದರೆಂದು ಅವರು ಹೇಳುತ್ತಿದ್ದರು. ಉಡುಪಿಯಲ್ಲಿ 1928ರಷ್ಟು ಹಿಂದೆಯೇ ಸಿಂಡಿಕೇಟ್ ಬ್ಯಾಂಕಿನವರು ಮನೆಬಾಗಿಲಿಗೆ ಹೋಗಿ ದಿನಕ್ಕೆರಡಾಣೆಯ ಪಿಗ್ಮಿ ಎಂಬ ಸಣ್ಣ ಉಳಿತಾಯ ಕಟ್ಟಿಸಿಕೊಂಡಿದ್ದನ್ನು ತಮ್ಮದೇ ಮನೆಯ ಸಾಧನೆಯೆಂಬಂತೆ ವರ್ಣಿಸುತ್ತಿದ್ದರು. ಅವರಿದ್ದ ಶಾಖೆ ಗಾಂಧಿ ಬಜಾರಿಗೆ ಹತ್ತಿರದಲ್ಲಿತ್ತು. ಆಗ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದದ್ದು ಪ್ರತಿ ತಿಂಗಳ 10ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಉಳಿದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ. 11ಕ್ಕೆ ಕಟ್ಟಿದ ನೂರು ರೂಪಾಯಿಗೆ ಆ ತಿಂಗಳು ಏನೂ ಇಲ್ಲ, 28ಕ್ಕೆ ತೆಗೆದ ನೂರಕ್ಕೂ ಇಲ್ಲ. ಖಾತೆಯಲ್ಲಿ ದಿನದಿನವೂ ಉಳಿದ ಮೊತ್ತಕ್ಕೆ, ಅಂದರೆ ಬಾಕಿಗೆ, ಬಡ್ಡಿ ಕೊಡುವ ಪದ್ಧತಿ ಬಂದದ್ದು 2010ರ ಏಪ್ರಿಲ್‌ನಿಂದ. ಹತ್ತನೇ ತಾರೀಖಿನ ಆ ಹಳೆಯ ನಿಯಮ ತಿಳಿಯದ ಹೂವಿನವರು, ದರ್ಜಿಗಳು, ಪಿಂಚಣಿಯ ಅಜ್ಜಿಯರು ವರ್ಷಗಟ್ಟಲೆ ಬಡ್ಡಿ ಕಳೆದುಕೊಳ್ಳುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಪ್ರತಿ ತಿಂಗಳ 8 ಅಥವಾ 9ರ ಸಂಜೆ ಅಮ್ಮನಿಗೆ ಹೂವು ತರುವ ನೆಪದಲ್ಲಿ ನನ್ನ ಕೈ ಹಿಡಿದು ಗಾಂಧಿ ಬಜಾರಿಗೆ ನಡೆದು, ಒಬ್ಬೊಬ್ಬರ ಬುಟ್ಟಿಯ ಮುಂದೂ ನಿಂತು ಹೇಳುತ್ತಿದ್ದರು: “ಹತ್ತನೇ ತಾರೀಖಿನ ಒಳಗೆ ಕಟ್ಟಮ್ಮ, ತೆಗೆಯೋದಿದ್ದರೆ ಒಂದನೇ ತಾರೀಖಿನವರೆಗೂ ತಡಿ.” ಹೂವಿನವರು ಮಾರು ಹಾಕಿ ಕೊಟ್ಟ ಹೂವಿನ ಮೇಲೆ ಒಂದು ಮೊಳ ಹೆಚ್ಚಿಗೆ ಸೇರಿಸಿದರೆ ಅಣ್ಣ ಅದಕ್ಕೂ ದುಡ್ಡು ಕೊಟ್ಟೇ ಬರುತ್ತಿದ್ದರು.

ನನಗೆ ಬಹಳ ನೆನಪಾಗುತ್ತಿರುವುದು 1984ರ ಡಿಸೆಂಬರ್ 31. ಬ್ಯಾಂಕುಗಳ ಲೆಕ್ಕದ ವರ್ಷ ಆಗ ಮಾರ್ಚಿಗೆ ಬದಲಾಗಿರಲಿಲ್ಲ, ಡಿಸೆಂಬರಿಗೇ ಮುಗಿಯುತ್ತಿತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಹೊಸ ವರ್ಷದ ಹಿಂದಿನ ರಾತ್ರಿಯೆಂದರೆ ಅಣ್ಣ ಇಲ್ಲದ ರಾತ್ರಿ. ಅಮ್ಮನಿಗೆ ಜ್ವರ ಬಂದಿತ್ತು. ಪಕ್ಕದ ಮನೆಯ ಮಾಮಿ ಕಲಸಿಕೊಟ್ಟ ಪುಳಿಯೋಗರೆಯ ಕ್ಯಾರಿಯರ್ ಹಿಡಿದು ಹತ್ತು ವರ್ಷದ ನಾನು ಚಿಕ್ಕಪ್ಪನ ಸೈಕಲ್ಲಿನಲ್ಲಿ ಹೋದೆ. ಮುಂಬಾಗಿಲ ಕಬ್ಬಿಣದ ಗೇಟು ಅರ್ಧ ಎಳೆದಿತ್ತು. ಒಳಗೆ ಹಳದಿ ದೀಪ, ಸ್ವೆಟರ್ ಹಾಕಿಕೊಂಡ ಗುಮಾಸ್ತರು, ಲೆಕ್ಕ ಮಾಡುವ ಫೆಸಿಟ್ ಯಂತ್ರದ ಹಿಡಿ ತಿರುಗಿಸುವ ಕರಕರ ಸದ್ದು, ಇಬ್ಬರು ಸೇರಿ ಎತ್ತಬೇಕಾದಂಥ ಲೆಡ್ಜರುಗಳು. ಉಳಿತಾಯ ಖಾತೆಗಳ ಬಾಕಿಗಳನ್ನೆಲ್ಲ ಕೂಡಿದ ಮೊತ್ತ ಶಾಖೆಯ ಒಟ್ಟು ಲೆಕ್ಕದ ಪುಸ್ತಕವಾದ ಜನರಲ್ ಲೆಡ್ಜರಿಗೆ ತಾಳೆಯಾಗುತ್ತಿರಲಿಲ್ಲ. 27 ರೂಪಾಯಿ ಕಡಿಮೆ. ಮಧ್ಯಾಹ್ನದಿಂದ ಮೂರು ಸಲ ಕೂಡಿ ಬಳಲಿದ್ದ ಒಬ್ಬರು, ಎಲ್ಲರೂ ಜೇಬಿನಿಂದ ಒಂದಿಷ್ಟು ಹಾಕಿ ಮುಗಿಸಿಬಿಡೋಣ ಸಾರ್ ಎಂದರು. ಅಣ್ಣ ದನಿಯೇರಿಸದೆ, “ನಾವು ಹಾಕಿದರೆ ನಮ್ಮ ಮೊತ್ತ ಸರಿಹೋಗುತ್ತದೆ, ಯಾರದೋ ಪಾಸ್‌ಬುಕ್ಕಿನಲ್ಲಿ ತಪ್ಪು ಹಾಗೇ ಉಳಿಯುತ್ತದಲ್ಲಪ್ಪ, ಅವರಿಗೇನು ಹೇಳೋಣ?” ಎಂದು ಕೇಳಿದರು.

ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, “ಇಪ್ಪತ್ತೇಳನ್ನು ಒಂಬತ್ತರಿಂದ ಭಾಗಿಸು ಮಗು” ಎಂದರು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚೆಂದೂ, ಭಾಗಲಬ್ಧ ಮೂರಾದ್ದರಿಂದ ಆ ಎರಡು ಅಂಕಿಗಳ ನಡುವೆ ಮೂರರ ಅಂತರವಿರಬೇಕೆಂದೂ ವಿವರಿಸಿ, ಒಂದೊಂದೇ ಹಾಳೆ ತಿರುವುತ್ತ ಹೋದರು. ನಾನು ಕೊನೆಯ ಎರಡಂಕಿಗಳನ್ನು ಗಟ್ಟಿಯಾಗಿ ಓದುವುದು, ಅವರು ಬಾಕಿಯ ಪಟ್ಟಿಯಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕುವುದು. ಪುಳಿಯೋಗರೆ ಆರಿ ತಣ್ಣಗಾಗಿತ್ತು. ಹನ್ನೊಂದೂವರೆಯ ಹೊತ್ತಿಗೆ ಸಿಕ್ಕಿತು: ಲೆಡ್ಜರಿನಲ್ಲಿ 485 ಇದ್ದದ್ದು ಪಟ್ಟಿಗೆ ಇಳಿಯುವಾಗ 458 ಆಗಿತ್ತು. ಖಾತೆ ಒಬ್ಬ ಬಳೆಗಾರರದು. ಇಡೀ ಶಾಖೆ ನಿಟ್ಟುಸಿರು ಬಿಟ್ಟಿತು, ಯಾರೋ ನನ್ನ ಕೈಗೆ ಒಂದು ಕಿತ್ತಳೆ ಹಣ್ಣು ಕೊಟ್ಟರು. ಖಜಾನೆಯ ಬಾಗಿಲಿಗೆ ಕ್ಯಾಷಿಯರ್ ಒಂದು ಬೀಗದ ಕೈ, ಅಣ್ಣ ಇನ್ನೊಂದು ಬೀಗದ ಕೈ ತಿರುಗಿಸಿದ್ದನ್ನು ನೋಡಿದೆ. ಮನೆಗೆ ಬರುವಾಗ ನಿದ್ದೆ ತೂಗುತ್ತಿದ್ದ ನನ್ನನ್ನು ತಮ್ಮ ಕೋಟಿನೊಳಗೆ ಸುತ್ತಿಕೊಂಡಿದ್ದರು. ಆ ಉಣ್ಣೆಯಲ್ಲಿ ಶಾಯಿಯ, ಅರಗಿನ ವಾಸನೆಯಿತ್ತು. ಬಂದವರೇ ಮೊದಲು ಅಮ್ಮನ ಹಣೆ ಮುಟ್ಟಿ ನೋಡಿ, ಗಂಜಿ ಕಾಯಿಸಲು ಒಲೆ ಹಚ್ಚಿದರು.

ತಿಪಟೂರಿಗೆ ವರ್ಗವಾದ ಮೂರು ವರ್ಷವೂ ನಮ್ಮ ಶಾಲೆಗಾಗಿ ಸಂಸಾರವನ್ನು ಇಲ್ಲೇ ಇರಿಸಿ, ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ ಕೊಬ್ಬರಿಯ ಚೀಲದೊಂದಿಗೆ ರಾತ್ರಿ ಬಂದು, ಭಾನುವಾರ ನಮ್ಮ ಷೂಗಳಿಗೆ ಪಾಲಿಷ್ ಹಾಕಿ, ಸೋಮವಾರ ನಸುಕಿಗೆ ಹೊರಟುಬಿಡುತ್ತಿದ್ದರು. ಮುಂದೆ ಉತ್ತರ ಭಾರತಕ್ಕೆ ಹೋಗಬೇಕಾಗಿದ್ದ ಬಡ್ತಿಯನ್ನು, ಅಜ್ಜಿ ಹಾಸಿಗೆ ಹಿಡಿದಿದ್ದಾರೆಂದು, ಬೇಡವೆಂದು ಬರೆದುಕೊಟ್ಟರು. ಅದನ್ನು ನಮಗೆ ಅಮ್ಮ ಹೇಳಿದ್ದು ಇಪ್ಪತ್ತು ವರ್ಷಗಳ ನಂತರ.

ಎರಡು ಬೇಸಿಗೆ ಅವರು ನಮ್ಮಲ್ಲಿಗೆ ಬಂದಿದ್ದಾಗ ಕೂಟದ ಯುಗಾದಿ ಊಟದ ಚೀಟಿಗಳನ್ನೆಲ್ಲ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ತಾಳೆ ಮಾಡಿಕೊಟ್ಟಿದ್ದು ನಿಮಗೆ ನೆನಪಿರಬಹುದು. ಆ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ನಮ್ಮ ಖಜಾಂಚಿಗಳು ಊರು ಬದಲಿಸುತ್ತಿದ್ದು, ಜನವರಿಯಿಂದ ಆ ಸ್ಥಾನಕ್ಕೆ ಯಾರೂ ಇಲ್ಲ. ಈ ಪತ್ರಿಕೆಯ ಪುಟ ಕಟ್ಟುವುದಕ್ಕೂ ನಾನೊಬ್ಬಳೇ ಉಳಿದಿದ್ದೇನೆ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ದಯವಿಟ್ಟು ಮುಂದೆ ಬನ್ನಿ, ನನಗೆ ನಿಜವಾಗಿಯೂ ಕೈ ಸಾಲುತ್ತಿಲ್ಲ.

ರಾಜ್ಯೋತ್ಸವ ಸಮಾರಂಭ ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ 3ಕ್ಕೆ, ಎಂದಿನ ಶಾಲೆಯ ಸಭಾಂಗಣದಲ್ಲಿ. ಮಕ್ಕಳ ನೃತ್ಯದ ತಾಲೀಮು ಹಿಂದಿನ ಎರಡು ಭಾನುವಾರ. ಊಟಕ್ಕೆ ಹೆಸರು ಕೊಡದವರು ಈ ವಾರವೇ ಕೊಡಿ. ಕನ್ನಡ ಕಲಿ ತರಗತಿಗೆ ಒಂದನೆಯ ಪುಸ್ತಕಗಳನ್ನು ನಾನು ಇಲ್ಲಿಂದ ತರುತ್ತಿದ್ದೇನೆ. ಸಂಕ್ರಾಂತಿ ಸಂಚಿಕೆಗೆ ನಿಮ್ಮ ತಂದೆಯೋ ಮಾವನವರೋ ದುಡಿದ ಬ್ಯಾಂಕು, ಅಂಚೆ ಕಚೇರಿ, ಶಾಲೆಯ ಬಗ್ಗೆ ಒಂದೊಂದು ಪುಟ ಬರೆದುಕೊಡಿ. ಡಿಸೆಂಬರ್ ಹತ್ತನೇ ತಾರೀಖಿನ ಒಳಗೆ.

ನಾಳೆ ರಾತ್ರಿ ನಮ್ಮ ವಿಮಾನ. ಐವತ್ತು ವರ್ಷಗಳಲ್ಲಿ ಅಮ್ಮ ಅಣ್ಣನ ಲೆಕ್ಕದ ಪುಸ್ತಕವನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಇಂದು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಅವರ ಪೆನ್ನನ್ನೇ ತೆಗೆದುಕೊಂಡರು. ಅಣ್ಣನ ಕೊನೆಯ ಸಾಲಿನ ಕೆಳಗೆ ತಾರೀಖು ಹಾಕಿ, ಅಷ್ಟೇ ದುಂಡಗೆ ಬರೆದರು: ನಾಡಿದ್ದಿನಿಂದ ಹಾಲು, ಅರ್ಧ ಲೀಟರ್.