ಆ ದಾಳ ಬಿಡಬೇಡ ಗುಂಡ

ಪ್ರೀತಿಯ ಗುಂಡ,

ನೀನೂ ಡಿಎಂ (ಆಟ ನಡೆಸಿಕೊಡುವವನು) ಆಗ್ತಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ಡಬ್ಲಿನ್‌ನಲ್ಲಿ ಕನ್ನಡದವರನ್ನು ಸೇರಿಸಿ, ಪಾತ್ರಗಳಾಗಿ ಕಥೆಯೊಳಗೆ ಇಳಿದು ದಾಳ ಹಾಕುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸೋದು ಸಣ್ಣ ಕೆಲಸವಲ್ಲ. ಆದರೆ ನಿನ್ನ ಮೆಸೇಜಿನ ಕೊನೆಯ ಸಾಲು ತಲೆಯಿಂದ ಹೋಗುತ್ತಿಲ್ಲ. "ರ‍್ಯಾಂಡಮ್ ಎನ್‌ಕೌಂಟರ್ ಎಲ್ಲ ತೆಗೆದುಹಾಕಿದೆ, ಸುಮ್ನೆ ಟೈಮ್ ವೇಸ್ಟ್" ಅಂದೆಯಲ್ಲ, ಅದು. ಗೊತ್ತಿಲ್ಲದವರಿಗೆ: ದಾರಿಯಲ್ಲಿ ಯಾರು ಎದುರಾಗುತ್ತಾರೆ ಅನ್ನುವುದನ್ನು ದಾಳ ಹಾಕಿ ಒಂದು ಪಟ್ಟಿಯಿಂದ ಆರಿಸುವುದೇ ಈ ಎನ್‌ಕೌಂಟರ್. ಉತ್ತರವನ್ನು ಇಲ್ಲೇ ಎಲ್ಲರೆದುರು ಬರೆಯುತ್ತಿದ್ದೇನೆ. ನಮ್ಮ ಹಳೇ ಟೇಬಲ್ಲಿನವರೂ ಓದಲಿ. ಅವರಲ್ಲಿ ನಮ್ಮ ಸೌತೆಕಾಯಿ ಪುರೋಹಿತರು ಎಲ್ಲರಿಗಿಂತ ಮೊದಲು ಓದಲಿ.

ನಿನ್ನ ದೂರು ನನಗೆ ಅರ್ಥವಾಗುತ್ತದೆ. ಪಾರ್ಟಿ, ಅಂದರೆ ಆಟಗಾರರ ಪಾತ್ರಗಳ ಗುಂಪು, ಮಾಟಗಾತಿಯ ಗೋಪುರಕ್ಕೆ ಹೊರಟಿದೆ. ಎಲ್ಲರೂ ಅದೇ ಗುಂಗಿನಲ್ಲಿದ್ದಾರೆ. ನಡುವೆ ಪಟ್ಟಿಯಿಂದ ನಾಲ್ಕು ತೋಳ ಬರುತ್ತವೆ. ಒಂದು ಗಂಟೆ ಹೊಡೆದಾಟ. ತೋಳಗಳು ಸಾಯುತ್ತವೆ, ಬೇರೇನೂ ಬದಲಾಗುವುದಿಲ್ಲ. ಅಂಥದ್ದನ್ನು ಧಾರಾಳವಾಗಿ ತೆಗೆದುಹಾಕು. ಆದರೆ ತಪ್ಪು ದಾಳದ್ದಲ್ಲ ಮಾರಾಯ. ಅದರ ಜೊತೆಗಿದ್ದ ನಿಯಮಗಳು ಒಂದೊಂದಾಗಿ ಕಳಚಿಹೋಗಿವೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ನೆಲಮಾಳಿಗೆಯಲ್ಲಿ ಹೊತ್ತನ್ನು ಹತ್ತು ಹತ್ತು ನಿಮಿಷದ ಲೆಕ್ಕದಲ್ಲಿ ಎಣಿಸುತ್ತಿದ್ದರು. ಅದಕ್ಕೆ ಒಂದು ಟರ್ನ್ ಅಂತ ಹೆಸರು. ಪ್ರತಿ ಟರ್ನ್ ಮುಗಿದಾಗ ಆರು ಮುಖದ ದಾಳ ಹಾಕಬೇಕು. 6 ಬಿದ್ದರೆ ಏನೋ ಬರುತ್ತಿದೆ ಅಂತ. 1981ರಲ್ಲಿ ಟಾಮ್ ಮೋಲ್ಡ್‌ವೇ ಸಿದ್ಧಪಡಿಸಿದ ಬೇಸಿಕ್ ಆವೃತ್ತಿಯಲ್ಲಿ ಇದು ಎರಡು ಟರ್ನಿಗೆ ಒಮ್ಮೆ ಆಯಿತು. ಅಲ್ಲಿ 1 ಬಿದ್ದರೆ ಬರುತ್ತದೆ. ಒಂದು ಪಂಜು ಆರು ಟರ್ನ್ ಉರಿಯುತ್ತದೆ. ಅಂದರೆ ಒಂದು ಪಂಜು ಮುಗಿಯುವುದರೊಳಗೆ ಮೂರು ಸಲ ದಾಳ. ಕನಿಷ್ಠ ಒಮ್ಮೆಯಾದರೂ ಯಾರಾದರೂ ಎದುರಾಗುವ ಸಾಧ್ಯತೆ ನೂರಕ್ಕೆ 42.

ಇದರ ಜೊತೆಗೆ ಇನ್ನೊಂದು ವಿಷಯ ನೆನಪಿಟ್ಟುಕೋ. ಆಗ ಎಕ್ಸ್‌ಪಿ (ಪಾತ್ರ ಬೆಳೆಯಲು ಬೇಕಾದ ಅನುಭವದ ಅಂಕ) ಹೆಚ್ಚಾಗಿ ಬರುತ್ತಿದ್ದದ್ದು ಹೊರಗೆ ಹೊತ್ತು ತಂದ ಚಿನ್ನದಿಂದ. ಒಂದು ನಾಣ್ಯಕ್ಕೆ ಒಂದು ಪಾಯಿಂಟ್. ಕೊಂದರೆ ಸಿಗುತ್ತಿದ್ದದ್ದು ಕಮ್ಮಿ. ಹೀಗೆ ಅಲೆದಾಡುವ ಪ್ರಾಣಿಗಳ ಹತ್ತಿರ ಚಿನ್ನವೂ ಅಷ್ಟಾಗಿ ಇರುತ್ತಿರಲಿಲ್ಲ. ಎದುರಾದರೆ ಪಾರ್ಟಿಗೆ ಬರೀ ನಷ್ಟ. ಆದ್ದರಿಂದ "ಈ ಗೋಡೆ ಇನ್ನೊಂದು ಸಲ ತಟ್ಟಿ ನೋಡೋಣವಾ?" ಅನ್ನುವ ಮಾತಿಗೂ ಬೆಲೆ ತೆರಬೇಕಿತ್ತು. ಕತ್ತಲಲ್ಲಿ ನಿಂತು ಪಿಸುದನಿಯಲ್ಲಿ ಜಗಳವಾಡುತ್ತಿದ್ದರು, ಇರೋಣವಾ ಹೋಗೋಣವಾ ಅಂತ. ರಾಕ್ಷಸ ಬರುವ ಮೊದಲೇ ಅವನ ಕೆಲಸ ಅರ್ಧ ಆಗಿರುತ್ತಿತ್ತು. 2000ರ ಮೂರನೇ ಆವೃತ್ತಿಯ ಹೊತ್ತಿಗೆ ಎಕ್ಸ್‌ಪಿ ಮುಖ್ಯವಾಗಿ ಕಾದಾಟದಿಂದ ಬರತೊಡಗಿತು, ಕಾದಾಟಗಳೂ ಉದ್ದವಾದವು. ಪಟ್ಟಿ ಮಾತ್ರ ಹಾಗೇ ಉಳಿಯಿತು. ನಿನ್ನ ತೋಳಗಳು ಬಂದದ್ದು ಅಲ್ಲಿಂದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಿಯಾಕ್ಷನ್ ರೋಲ್. ಬಹಳ ಜನ ಇದನ್ನು ಮರೆತೇಬಿಟ್ಟಿದ್ದಾರೆ. ಏನೋ ಎದುರಾಯಿತು, ಸರಿ. ಅದರ ಮನಸ್ಸಿನಲ್ಲಿ ಏನಿದೆ? ಆರು ಮುಖದ ಎರಡು ದಾಳ ಹಾಕಿ ಕೂಡಿಸು. 2 ಬಿದ್ದರೆ ಮೈಮೇಲೆ ಬೀಳುತ್ತದೆ. 12 ಬಿದ್ದರೆ ಗೆಳೆತನಕ್ಕೆ ಕೈಚಾಚುತ್ತದೆ. 6ರಿಂದ 8ರೊಳಗೆ ಬಿದ್ದರೆ ಅದಕ್ಕೇ ಇನ್ನೂ ಗೊತ್ತಿಲ್ಲ, ನಿಮ್ಮನ್ನೇ ನೋಡುತ್ತಾ ನಿಂತಿದೆ. 36ರಲ್ಲಿ 16 ಸಲ ಹೀಗೇ ಆಗುತ್ತದೆ. ಕತ್ತಿ ಎಳೆಯುವುದೋ, ಬುತ್ತಿಯಿಂದ ಒಂದು ರೊಟ್ಟಿ ತೆಗೆದು ಕೊಡುವುದೋ, ಅದು ಆಟಗಾರರಿಗೆ ಬಿಟ್ಟದ್ದು.

ನಮ್ಮ ಚಟ್ನಿ ಅನ್ನುವ ಗಾಬ್ಲಿನ್ (ಕುಳ್ಳ ರಾಕ್ಷಸ) ಬಂದದ್ದು ಹೀಗೇ ಅಲ್ವಾ? ಆ ದಿನಕ್ಕೆ ನಾನು ಸೇತುವೆಯ ದೈತ್ಯ ಓಗರ್‌ನನ್ನು ಪುಟಗಟ್ಟಲೆ ಬರೆದಿಟ್ಟಿದ್ದೆ. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ. ದಾಳದಿಂದ ಬಂದ ಗಾಬ್ಲಿನ್ ಗುಂಪಿಗೆ 12 ಬಿತ್ತು. ಅದರಲ್ಲೊಬ್ಬ, ಅವನೇ ಚಟ್ನಿ, ಪಂಜು ಹಿಡಿದು ಕ್ಯಾಂಪೇನ್ (ಆ ಇಡೀ ಕಥೆ) ಮುಗಿಯುವವರೆಗೂ ಜೊತೆಗೆ ನಡೆದ. ಅವನು ಸತ್ತ ದಿನ ನೀನು ಕ್ಯಾಮೆರಾ ಆಫ್ ಮಾಡಿದ್ದು ನನಗೆ ಗೊತ್ತು.

ಡಿಎಂಗೆ ಎಲ್ಲ ಬಾಗಿಲ ಹಿಂದೆ ಏನಿದೆ ಅಂತ ಮೊದಲೇ ಗೊತ್ತಿರುತ್ತದೆ. ಆ ದಾಳ ಉರುಳುವ ಹೊತ್ತಿನಲ್ಲಿ ಮಾತ್ರ ನಾನೂ ನಿಮ್ಮ ಜೊತೆಗೇ ಕಾಯುತ್ತಿರುತ್ತೇನೆ.

ಇದು ನನಗೆ ಯಾಕಿಷ್ಟು ಮುಖ್ಯ ಅಂತ ಇತ್ತೀಚೆಗೆ ಹೊಳೆಯಿತು. ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಹಿಡಿದಂತಾಗುತ್ತದೆ. ಕಾಲಿಂಗ್ ಬೆಲ್ ಆದರೂ ಅಷ್ಟೇ. ಎತ್ತುವ ಮೊದಲೇ ಕೆಟ್ಟ ಸುದ್ದಿ ಅಂತ ಮನಸ್ಸು ತೀರ್ಮಾನಿಸಿರುತ್ತದೆ. ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ನಿನ್ನ ಕಾಲ್ ಬಂದಾಗ ಫೋನನ್ನೇ ನೋಡುತ್ತಾ ಕೂತಿದ್ದೆ, ಕೈ ಹೋಗಲಿಲ್ಲ. ನೀನು ಬಿಸಿಬೇಳೆಬಾತ್ ತೋರಿಸಲು ಮಾಡಿದ್ದೆಯಂತೆ. ಬಂದದ್ದಕ್ಕೆಲ್ಲ 2 ಅಂತಲೇ ಬರೆದುಕೊಂಡು ಬದುಕುವುದು ಎಷ್ಟು ಸುಸ್ತು ಗೊತ್ತಾ? ಟೇಬಲ್ಲಿನ ಮುಂದೆ ಕೂತಾಗ ಹಾಗಿಲ್ಲ. 2 ಬೀಳುವಷ್ಟೇ ಸಲ 12 ಕೂಡ ಬೀಳುತ್ತದೆ. ಹೇಳದೆ ಕೇಳದೆ ಬಂದದ್ದರ ಮುಖವನ್ನು ಹೆದರದೆ ನೋಡಲು ನನಗೆ ಈಗ ಆಗುತ್ತಿರುವುದು ಅಲ್ಲಿ ಮಾತ್ರ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅಪ್ಪ ಈಗ ಚೆನ್ನಾಗಿದ್ದಾರೆ. ಬೆಳಿಗ್ಗೆ ವಾಕಿಂಗ್ ಹೋಗಿ ಬರುತ್ತಾರೆ. ನಿನ್ನನ್ನು ಕೇಳುತ್ತಿರುತ್ತಾರೆ.

ಸರಿ, ಪಟ್ಟಿಗೆ ಬರೋಣ. ಎರಡು ದಾಳದ ಪಟ್ಟಿ ಮಾಡು. 7 ಜಾಸ್ತಿ ಬೀಳುತ್ತೆ, 36ರಲ್ಲಿ 6 ಸಲ. ಆ ಜಾಗದಲ್ಲಿ ಆ ಊರಿನ ಮಾಮೂಲಿ ಜನರನ್ನಿಡು. 2 ಮತ್ತು 12ಕ್ಕೆ ಅಪರೂಪದವರು. ಬರೀ "ಮೂರು ಓಗರ್" ಅಂತ ಬರೆಯಬೇಡ, ಅವು ಏನು ಮಾಡುತ್ತಿವೆ ಅಂತಲೂ ಬರೆ. ಕದ್ದ ಕುರಿಗೆ ಉಪ್ಪು ಎಷ್ಟು ಹಾಕಬೇಕು ಅಂತ ಜಗಳವಾಡುತ್ತಿರಲಿ. ಹೊಡೆದಾಟವೇ ಬೇಡ ಅನ್ನುವವರೂ ಒಂದಿಬ್ಬರು ಇರಲಿ. ಪಂಜಿನ ಲೆಕ್ಕ ಬಿಡಬೇಡ.

ಶನಿವಾರದೊಳಗೆ ಪಟ್ಟಿ ಕಳಿಸು, ನೋಡಿ ಹೇಳುತ್ತೇನೆ. ಚಟ್ನಿಯ ತಮ್ಮನೊಬ್ಬ ಅದರಲ್ಲಿ ಇದ್ದರೆ ನನ್ನದೇನೂ ಅಭ್ಯಂತರವಿಲ್ಲ.

ನಿನ್ನ,
ಹಳೇ ಟೇಬಲ್ಲಿನ ಡಿಎಂ